ಮನೆಯ ಹೆಸರಲ್ಲಿ ಹೊಸ್ತಿಲು ದಾಟಿಸಿದ ಫ್ರಾನ್ಸೆಸ್ ವಿಲ್ಲರ್ಡ್

ವಾಷಿಂಗ್ಟನ್ನಿನಲ್ಲಿರುವ ಅಮೆರಿಕದ ಸಂಸತ್ ಭವನದೊಳಗೆ ಒಂದು ಪ್ರತಿಮಾ ಸಭಾಂಗಣವಿದೆ. ಪ್ರತಿ ರಾಜ್ಯವೂ ತನ್ನ ನೆಲದ ಇಬ್ಬರು ಹಿರಿಯರ ಮೂರ್ತಿಗಳನ್ನು ಅಲ್ಲಿಗೆ ಕಳಿಸಬಹುದು. ಸೇನಾನಿಗಳು, ಗವರ್ನರುಗಳು, ಸೆನೆಟರುಗಳೇ ತುಂಬಿಕೊಂಡಿದ್ದ ಆ ಸಾಲಿಗೆ 1905ರ ಫೆಬ್ರವರಿಯಲ್ಲಿ ಇಲಿನಾಯ್ ರಾಜ್ಯ ಒಬ್ಬ ಹೆಂಗಸಿನ ಅಮೃತಶಿಲೆಯ ಮೂರ್ತಿಯನ್ನು ಸೇರಿಸಿತು. ಕೆತ್ತಿದ್ದು ಹೆಲೆನ್ ಮಿಯರ್ಸ್ ಎಂಬ ಶಿಲ್ಪಿ, ಅವರೂ ಹೆಂಗಸೇ. ಮೂರ್ತಿಯಾಗಿ ನಿಂತವರು ಫ್ರಾನ್ಸೆಸ್ ವಿಲ್ಲರ್ಡ್. ತಮ್ಮ ದೇಶದ ಅಧ್ಯಕ್ಷರನ್ನು ಆರಿಸಲು ಒಮ್ಮೆಯೂ ಮತ ಹಾಕುವ ಅವಕಾಶ ಸಿಗದೆಯೇ ಅವರು ಏಳು ವರ್ಷದ ಹಿಂದೆ ತೀರಿಕೊಂಡಿದ್ದರು. ಆ ಸಭಾಂಗಣಕ್ಕೆ ಎರಡನೆಯ ಹೆಂಗಸಿನ ಪ್ರತಿಮೆ ಬರಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ವಿಲ್ಲರ್ಡ್ ಹೆಸರು ಇಂದು ಅಮೆರಿಕದಲ್ಲೇ ಅನೇಕರಿಗೆ ಗೊತ್ತಿಲ್ಲ. ಗೊತ್ತಿದ್ದವರೂ ಕುಡಿತದ ವಿರುದ್ಧ ಉಪದೇಶ ಮಾಡುತ್ತಿದ್ದ, ಕುತ್ತಿಗೆವರೆಗೆ ಗುಂಡಿ ಹಾಕಿದ ಕಪ್ಪು ಉಡುಪಿನ ಮಡಿವಂತೆ ಎಂದುಕೊಂಡು ಮುಂದೆ ಸಾಗುತ್ತಾರೆ. ಆದರೆ ಅವರ ಬದುಕನ್ನು ಹತ್ತಿರದಿಂದ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಮದ್ಯ ಅವರಿಗೆ ಬಾಗಿಲು ಮಾತ್ರವಾಗಿತ್ತು. ರಾಜಕೀಯವೆಂದರೆ ಮೂಗು ಮುರಿಯುತ್ತಿದ್ದ, ಗಂಡನ ಎದುರು ದನಿ ಎತ್ತದಿದ್ದ ಲಕ್ಷಾಂತರ ಗೃಹಿಣಿಯರನ್ನು ಅವರು ಆ ಬಾಗಿಲಿನಿಂದ ಸಾರ್ವಜನಿಕ ಬದುಕಿಗೆ ಕರೆತಂದರು. ಹೊಸ್ತಿಲು ದಾಟಿಸುವಾಗ ಹೇಳಿದ ಮಾತು ಒಂದೇ: ಮನೆ ಕಾಯಬೇಕಿದ್ದರೆ ಮನೆಯಿಂದ ಹೊರಗೆ ಬರಬೇಕು.

ಹಸು ಏರಿದ ಹುಡುಗಿ

ಫ್ರಾನ್ಸೆಸ್ ಹುಟ್ಟಿದ್ದು 1839ರ ಸೆಪ್ಟೆಂಬರ್ 28ರಂದು, ನ್ಯೂಯಾರ್ಕ್ ರಾಜ್ಯದ ಚರ್ಚ್‌ವಿಲ್ ಎಂಬ ಹಳ್ಳಿಯಲ್ಲಿ. ಎರಡು ವರ್ಷಕ್ಕೆಲ್ಲ ಕುಟುಂಬ ಓಹಾಯೋದ ಒಬರ್ಲಿನ್‌ಗೆ ಹೊರಟಿತು. ಗಂಡಸರ ಜೊತೆ ಹೆಂಗಸರಿಗೂ, ಬಿಳಿಯರ ಜೊತೆ ಕಪ್ಪು ಜನರಿಗೂ ಪಾಠ ಹೇಳುತ್ತಿದ್ದ ಅಪರೂಪದ ಕಾಲೇಜು ಅಲ್ಲಿತ್ತು. ಪಾದ್ರಿಯಾಗಬೇಕೆಂದು ಓದಲು ಹೋದವರು ತಂದೆ ಜೊಸೈಯಾ. ಮಕ್ಕಳನ್ನು ಕಟ್ಟಿಕೊಂಡೇ ತಾಯಿ ಮೇರಿಯೂ ತರಗತಿಗಳಿಗೆ ಹೋದರು. ಆದರೆ ತಂದೆಗೆ ಕ್ಷಯ ಅಂಟಿ, ಒಣ ಹವೆ ಬೇಕೆಂದು 1846ರಲ್ಲಿ ವಿಸ್ಕಾನ್ಸಿನ್‌ನ ಜೇನ್ಸ್‌ವಿಲ್ ಬಳಿ, ನದಿ ದಂಡೆಯ ಒಂಟಿ ಹೊಲಮನೆಗೆ ವಾಸ ಬದಲಾಯಿತು.

ಆ ಬಯಲಿನಲ್ಲಿ ಬೆಳೆದ ಹುಡುಗಿ ಕೂದಲು ಗಿಡ್ಡ ಕತ್ತರಿಸಿಕೊಂಡು, ಮರ ಹತ್ತುತ್ತ, ತನ್ನನ್ನು 'ಫ್ರಾಂಕ್' ಎಂದು ಗಂಡು ಹೆಸರಿನಿಂದಲೇ ಕರೆಯಬೇಕೆಂದು ಹಟ ಹಿಡಿಯುತ್ತಿದ್ದಳು. ಮಗಳು ಕುದುರೆ ಏರುವುದು ತಂದೆಗೆ ಸೇರುತ್ತಿರಲಿಲ್ಲ. ಕುದುರೆ ಇಲ್ಲದಿದ್ದರೆ ಹಸುವೇ ಸೈ ಎಂದು ಹುಡುಗಿ ಹಸುವನ್ನು ಪಳಗಿಸಿ ಸವಾರಿ ಮಾಡಿದಳು. ಹದಿನೇಳರ ಹೊತ್ತಿಗೆ ಉದ್ದ ಲಂಗ, ಎತ್ತಿ ಕಟ್ಟಿದ ತುರುಬು, ಅದರೊಳಗೆ ಚುಚ್ಚುವ ಪಿನ್ನುಗಳು ಬಂದು ಅವಳ ಓಡಾಟಕ್ಕೆ ಕಡಿವಾಣ ಬಿತ್ತು. ಅಂದಿನ ಸಂಕಟವನ್ನು ಅವರು ದಿನಚರಿಯಲ್ಲಿ ಬರೆದಿಟ್ಟರು. ಮೂವತ್ತು ವರ್ಷ ಕಳೆದ ಮೇಲೂ ಅದು ಅವರಿಗೆ ಹಳೆಯದಾಗಿರಲಿಲ್ಲ.

1856ರ ಅಧ್ಯಕ್ಷೀಯ ಚುನಾವಣೆಯ ದಿನ ನಡೆದ ಇನ್ನೊಂದು ಪ್ರಸಂಗವನ್ನು ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅಣ್ಣ ಆಲಿವರ್‌ಗೆ ಆಗಷ್ಟೇ ಇಪ್ಪತ್ತೊಂದು ತುಂಬಿತ್ತು. ಚೆನ್ನಾಗಿ ಉಡುಪು ತೊಟ್ಟು ಅಪ್ಪನ ಜೊತೆ ಗಾಡಿಯಲ್ಲಿ ಮತ ಹಾಕಲು ಹೊರಟ. ಅಕ್ಕತಂಗಿಯರಿಬ್ಬರೂ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ನಮಗೂ ಮತ ಹಾಕಬೇಕು ಅನಿಸುವುದಿಲ್ಲವೇ ಎಂದು ಫ್ರಾನ್ಸೆಸ್ ಕೇಳಿದಳು. ಅನಿಸುತ್ತದೆ, ಆದರೆ ಹಾಗೆಂದು ಬಾಯಿಬಿಟ್ಟು ಹೇಳಿದರೆ ಗಂಡುಬೀರಿ ಎಂದಾರು ಎಂಬ ಅರ್ಥದಲ್ಲಿ ತಂಗಿ ಮೇರಿ ಉತ್ತರಿಸಿದಳು. ಹಂಬಲವನ್ನು ಬಾಯಿಬಿಟ್ಟು ಹೇಳಲು ಹೆದರುವ ಹೆಂಗಸರ ಮನಸ್ಸು ವಿಲ್ಲರ್ಡ್‌ಗೆ ಪರಿಚಯವಾದದ್ದು ಹೀಗೆ, ಒಡಹುಟ್ಟಿದವಳಲ್ಲೇ.

1858ರಲ್ಲಿ ಕುಟುಂಬ ಶಿಕಾಗೋ ಪಕ್ಕದ ಇವಾನ್‌ಸ್ಟನ್‌ಗೆ ಬಂತು. ಫ್ರಾನ್ಸೆಸ್ ಅಲ್ಲಿ ಪದವಿ ಮುಗಿಸಿ ಮೇಡಂ ಆದರು. 1862ರಲ್ಲಿ ತಂಗಿ ಮೇರಿ ಕ್ಷಯದಿಂದ ತೀರಿಕೊಂಡಾಗ ಆಕೆಯ ಬದುಕನ್ನೇ ಒಂದು ಪುಸ್ತಕವಾಗಿ ಬರೆದರು. ಚಾರ್ಲ್ಸ್ ಫೌಲರ್ ಎಂಬ ಪಾದ್ರಿಯ ಜೊತೆ ಆಗಿದ್ದ ನಿಶ್ಚಿತಾರ್ಥವನ್ನು ಮುರಿದುಕೊಂಡರು. ಮುಂದೆ ಮದುವೆಯ ಗೊಡವೆಗೆ ಹೋಗಲಿಲ್ಲ. ಗೆಳತಿ ಕೇಟ್ ಜಾಕ್ಸನ್ ಜೊತೆ ಎರಡು ವರ್ಷ ಯುರೋಪು, ಈಜಿಪ್ಟು, ಪ್ಯಾಲೆಸ್ಟೀನ್ ಸುತ್ತಿ ಬಂದರು. 1871ರಲ್ಲಿ ಇವಾನ್‌ಸ್ಟನ್ನಿನ ಮಹಿಳಾ ಕಾಲೇಜಿನ ಅಧ್ಯಕ್ಷೆಯಾದರು. ಅದೇ ವರ್ಷದ ಶಿಕಾಗೋ ಬೆಂಕಿಯಲ್ಲಿ ದಾನಿಗಳ ಆಸ್ತಿಪಾಸ್ತಿ ಸುಟ್ಟು, ಕಾಲೇಜಿಗೆ ಬರಬೇಕಿದ್ದ ಹಣ ಬರದೆ, ಅದು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಮಡಿಲು ಸೇರಬೇಕಾಯಿತು. ಆ ವಿಶ್ವವಿದ್ಯಾಲಯದ ಹೊಸ ಅಧ್ಯಕ್ಷರು ಬೇರೆ ಯಾರೂ ಅಲ್ಲ, ಅದೇ ಫೌಲರ್. ವಿದ್ಯಾರ್ಥಿನಿಯರ ಮೇಲ್ವಿಚಾರಣೆ ಯಾರ ಕೈಯಲ್ಲಿರಬೇಕು ಎಂಬ ಜಗಳ ಬೆಳೆದು 1874ರ ಜೂನ್‌ನಲ್ಲಿ ವಿಲ್ಲರ್ಡ್ ರಾಜೀನಾಮೆ ಕೊಟ್ಟರು. ಮೂವತ್ತನಾಲ್ಕರ ಪ್ರಾಯ, ಕೈಯಲ್ಲಿ ಕೆಲಸವಿಲ್ಲ, ಮನೆಯಲ್ಲಿ ವಿಧವೆ ತಾಯಿ.

ಹಿಮದಲ್ಲಿ ಮಂಡಿಯೂರಿದವರು

ಅಷ್ಟು ಹೊತ್ತಿಗೆ ಓಹಾಯೋದಲ್ಲಿ ವಿಚಿತ್ರವೊಂದು ನಡೆದುಹೋಗಿತ್ತು. 1873ರ ಡಿಸೆಂಬರ್‌ನಲ್ಲಿ ಡಿಯೋ ಲೂಯಿಸ್ ಎಂಬ ವೈದ್ಯ, ಭಾಷಣಕಾರ, ಹಿಲ್ಸ್‌ಬರೋ ಊರಿಗೆ ಬಂದು ತನ್ನ ತಾಯಿಯ ಕಥೆ ಹೇಳಿದ. ಗಂಡನ ಕುಡಿತದಿಂದ ಬೇಸತ್ತ ಆ ತಾಯಿ ನೆರೆಹೊರೆಯ ಹೆಂಗಸರನ್ನು ಕರೆದುಕೊಂಡು ಪಡಖಾನೆಗೇ ಹೋಗಿ ಪ್ರಾರ್ಥನೆಗೆ ಕೂತಿದ್ದಳಂತೆ. ಮಾತು ಕೇಳಿದ ಹೆಂಗಸರು ಮಾರನೆಯ ಬೆಳಗ್ಗೆ ಚರ್ಚಿನಲ್ಲಿ ಸೇರಿದರು. ಮಾಜಿ ಗವರ್ನರರೊಬ್ಬರ ಮಗಳು, ನ್ಯಾಯಾಧೀಶರ ಹೆಂಡತಿ ಎಲಿಝಾ ಥಾಂಪ್ಸನ್ ಮುಂದೆ, ಎಪ್ಪತ್ತಕ್ಕೂ ಹೆಚ್ಚು ಹೆಂಗಸರು ಇಬ್ಬಿಬ್ಬರಂತೆ ಸಾಲಾಗಿ ಹಿಂದೆ. ಊರಿನ ಔಷಧದಂಗಡಿಗಳಲ್ಲಿ ವಿಸ್ಕಿ ಮಾರುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಂಡು, ಆಮೇಲೆ ಪಡಖಾನೆಗಳ ಕಡೆ ತಿರುಗಿದರು. ಒಳಗೆ ಬಿಟ್ಟರೆ ಒಳಗೆ, ಬಿಡದಿದ್ದರೆ ಬಾಗಿಲೆದುರಿನ ಹಿಮದಲ್ಲೇ ಮಂಡಿಯೂರಿ ಕೀರ್ತನೆ ಹಾಡಿದರು.

ಆ ಚಳಿಗಾಲ ಮುಗಿಯುವಷ್ಟರಲ್ಲಿ ಇದು 900ಕ್ಕೂ ಹೆಚ್ಚು ಊರುಗಳಿಗೆ ಹಬ್ಬಿತು. ಐವತ್ತು ಸಾವಿರಕ್ಕೂ ಹೆಚ್ಚು ಹೆಂಗಸರು ಬೀದಿಗಿಳಿದರು. ಕೆಲವು ಅಂಗಡಿಯವರು ಪೀಪಾಯಿಗಳನ್ನು ಚರಂಡಿಗೆ ಉರುಳಿಸಿದರು. ಇನ್ನು ಕೆಲವರು ಹೆಂಗಸರ ಮೇಲೆ ಬಿಯರ್ ಎರಚಿದರು.

ಈ ಆವೇಶದ ಹಿಂದೆ ಲೆಕ್ಕವಿತ್ತು. ಅಮೆರಿಕನ್ನರು ಕುಡುಕತನಕ್ಕೆ ಹೆಸರಾಗಿದ್ದವರೇ. 1830ರ ಸುಮಾರಿಗೆ ಅಲ್ಲಿ ಒಬ್ಬ ವಯಸ್ಕ ಸರಾಸರಿ ವರ್ಷಕ್ಕೆ ಏಳು ಗ್ಯಾಲನ್, ಅಂದರೆ 26 ಲೀಟರಿನಷ್ಟು ಶುದ್ಧ ಆಲ್ಕೋಹಾಲಿಗೆ ಸಮನಾದ ಮದ್ಯ ಕುಡಿಯುತ್ತಿದ್ದ. ಮುಂದೆ ಪ್ರಮಾಣ ಬಹಳ ಇಳಿಯಿತು. ಆದರೆ ಅಂತರ್ಯುದ್ಧದ ನಂತರ ಬೆಳೆದ ನಗರಗಳಲ್ಲಿ ಬೀದಿಗೊಂದು ಪಡಖಾನೆ ಎದ್ದಿತು. ಗಂಡಸರ ಕೂಲಿ ಸಂಜೆ ಅಲ್ಲಿ ಕರಗುತ್ತಿತ್ತು. ಮದುವೆಯಾದ ಹೆಣ್ಣಿಗೆ ಅನೇಕ ರಾಜ್ಯಗಳಲ್ಲಿ ತನ್ನ ದುಡಿಮೆಯ ಮೇಲೂ, ಮಕ್ಕಳ ಮೇಲೂ ಪೂರ್ತಿ ಹಕ್ಕಿರಲಿಲ್ಲ. ಗಂಡ ಹೊಡೆದರೆ ಹೇಳಿಕೊಳ್ಳಲು ಜಾಗವಿಲ್ಲ, ವಿಚ್ಛೇದನ ಸುಲಭವಿಲ್ಲ, ಮತವಂತೂ ಇಲ್ಲವೇ ಇಲ್ಲ. ಹಾಗಾಗಿ ಹೊಡೆತ, ಹಸಿವು, ಸಾಲ ಎಲ್ಲವನ್ನೂ ಒಟ್ಟಿಗೆ ಸೇರಿಸಿ ಆಡಬಹುದಾಗಿದ್ದ ಒಂದೇ ಮರ್ಯಾದಸ್ಥ ಮಾತು 'ಕುಡಿತ'.

ಪಿಟ್ಸ್‌ಬರ್ಗ್‌ನಲ್ಲಿ ವಿಲ್ಲರ್ಡ್ ಕೂಡ ಇಂಥ ಒಂದು ತಂಡದ ಜೊತೆ ಹೋದರು. ಪಡಖಾನೆಯ ಮರದಪುಡಿ ಹಾಸಿದ ನೆಲದ ಮೇಲೆ ಮಂಡಿಯೂರಿ, ಜೀವನದಲ್ಲಿ ಮೊದಲ ಬಾರಿಗೆ ಇಷ್ಟೊಂದು ಅಪರಿಚಿತ ಗಂಡಸರ ನಡುವೆ ಪ್ರಾರ್ಥನೆ ಹೇಳಿದರು. ಹೆಚ್ಚು ಕಡಿಮೆ ಅದೇ ಸಮಯಕ್ಕೆ ಅವರ ಕೈಗೆ ಎರಡು ಕಾಗದಗಳು ಬಂದವು. ನ್ಯೂಯಾರ್ಕಿನ ಸಿರಿವಂತರ ಹೆಣ್ಣುಮಕ್ಕಳ ಶಾಲೆಯೊಂದು ಒಳ್ಳೆಯ ಸಂಬಳಕ್ಕೆ ಕರೆದಿತ್ತು. ಶಿಕಾಗೋದ ಪಾನನಿರೋಧಿ ಹೆಂಗಸರು ಸಂಬಳವಿಲ್ಲದ ಅಧ್ಯಕ್ಷಗಿರಿಗೆ ಕರೆದಿದ್ದರು. ವಿಲ್ಲರ್ಡ್ ಎರಡನೆಯದನ್ನು ಒಪ್ಪಿದರು.

ಮನೆಯೊಳಗಿನ ಕಾರಣವೂ ಇದ್ದಿರಬೇಕು. ಆ ಚುನಾವಣೆಯ ದಿನ ಗಾಡಿ ಏರಿ ಹೋಗಿದ್ದ ಅಣ್ಣ ಆಲಿವರ್ ಪತ್ರಿಕೆಯೊಂದರ ಸಂಪಾದಕನಾಗಿದ್ದ, ಕುಡಿತಕ್ಕೂ ಬಿದ್ದಿದ್ದ. 1878ರಲ್ಲಿ ಆತ ತೀರಿಕೊಂಡಾಗ ಹೆಂಡತಿ, ನಾಲ್ಕು ಮಕ್ಕಳು ಮತ್ತು ಮುಳುಗುತ್ತಿದ್ದ ಪತ್ರಿಕೆ ಉಳಿದವು. ಅತ್ತಿಗೆ ನಾದಿನಿ ಸೇರಿ ಸ್ವಲ್ಪ ಕಾಲ ಅದನ್ನು ನಡೆಸಿದರು.

ಮತಕ್ಕೆ ಇನ್ನೊಂದು ಹೆಸರು

1874ರ ನವೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಮಹಿಳಾ ಕ್ರೈಸ್ತ ಪಾನನಿರೋಧ ಸಂಘ ಹುಟ್ಟಿತು. ಅಧ್ಯಕ್ಷೆ ಆನಿ ವಿಟೆನ್‌ಮೈಯರ್, ಪತ್ರವ್ಯವಹಾರದ ಕಾರ್ಯದರ್ಶಿ ವಿಲ್ಲರ್ಡ್. ಪ್ರಾರ್ಥನೆ, ಮನವೊಲಿಕೆ, ಪ್ರತಿಜ್ಞಾಪತ್ರ, ಇವಿಷ್ಟೇ ಸಾಕು ಎನ್ನುವವರು ವಿಟೆನ್‌ಮೈಯರ್. ಆದರೆ ಹಿಮದಲ್ಲಿ ಹಾಡಿ ಮುಚ್ಚಿಸಿದ ಅಂಗಡಿಗಳು ಒಂದೆರಡು ವರ್ಷದಲ್ಲಿ ಮತ್ತೆ ತೆರೆದುಕೊಂಡಿದ್ದವು. ಲೈಸೆನ್ಸ್ ಕೊಡುವವರು ಪುರಸಭೆಯವರು, ಪುರಸಭೆಯನ್ನು ಆರಿಸುವವರು ಗಂಡಸರು. ಪ್ರಾರ್ಥನೆಯ ಕೈ ಅಲ್ಲಿಯವರೆಗೆ ಚಾಚುತ್ತಿರಲಿಲ್ಲ. ಮದ್ಯದ ಮೇಲಿನ ತೆರಿಗೆ ಒಕ್ಕೂಟ ಸರ್ಕಾರದ ಆದಾಯದಲ್ಲಿ ಸುಮಾರು ಮೂರನೇ ಒಂದು ಪಾಲಿನಷ್ಟಿತ್ತು. ಬಿಯರ್ ತಯಾರಕರು 1862ರಲ್ಲೇ ಸಂಘ ಕಟ್ಟಿಕೊಂಡು ಶಾಸಕರ ಸುತ್ತ ಬೇಲಿ ಹಾಕಿದ್ದರು.

1876ರಲ್ಲಿ ವಿಲ್ಲರ್ಡ್ ವೇದಿಕೆಯ ಮೇಲೆ ನಿಂತು ಹೆಂಗಸರಿಗೆ ಮತ ಬೇಕು ಎಂದರು. ಅದನ್ನು ಹಕ್ಕೆಂದು ನೇರವಾಗಿ ಕೇಳಿದ್ದರೆ ಸಭೆಯ ಅರ್ಧ ಜನ ಎದ್ದು ಹೋಗುತ್ತಿದ್ದರು. ಆ ಕಾಲಕ್ಕೆ ಮತದ ಹಕ್ಕು ಕೇಳುವುದೆಂದರೆ ಸುಸಾನ್ ಆಂಥನಿಯಂಥ 'ಹಟಮಾರಿ'ಗಳ ಕೆಲಸ, ಮನೆವಂತ ಹೆಂಗಸರ ಕೆಲಸವಲ್ಲ. ವಿಲ್ಲರ್ಡ್ ಅದಕ್ಕೆ 'ಮನೆ ರಕ್ಷಣೆಯ ಮತ' ಎಂದು ಹೆಸರಿಟ್ಟರು. ಮಗ ಶಾಲೆಗೆ ಹೋಗುವ ದಾರಿಯಲ್ಲಿ ಪಡಖಾನೆ ಇರಬೇಕೋ ಬೇಡವೋ ಎಂದು ತೀರ್ಮಾನಿಸುವ ಅಧಿಕಾರ ತಾಯಿಗೆ ಬೇಡವೇ ಎಂದು ಕೇಳಿದರು. ಹಕ್ಕು, ಸಮಾನತೆ ಎಂದೇನೂ ಅವರು ಎತ್ತಲಿಲ್ಲ. ತೊಟ್ಟಿಲು, ಒಲೆ, ಮಗು, ದೇವರು ಎಂದರು. ಹೆಂಗಸರು ರಾಜಕೀಯದ ಕೆಸರಿನಲ್ಲಿ ಲಂಗ ಎಳೆದುಕೊಂಡು ಹೋಗುವುದು ಬೇಡ ಎಂದು ವೇದಿಕೆಯಿಂದಲೇ ವಿರೋಧ ಬಂತು. ವಿಲ್ಲರ್ಡ್ ಜಗಳಕ್ಕೆ ನಿಲ್ಲದೆ ಊರೂರು ಸುತ್ತಿದರು. 1879ರಲ್ಲಿ ಮನೆ ರಕ್ಷಣೆಯ ಮತಕ್ಕಾಗಿ ಒಂದು ಲಕ್ಷಕ್ಕೂ ಹೆಚ್ಚು ಸಹಿಗಳ ಮನವಿ ಇಲಿನಾಯ್ ಶಾಸನಸಭೆಯ ಮೇಜಿನ ಮೇಲೆ ಬಂದು ಬಿದ್ದಿತು. ಮಸೂದೆ ಸೋತಿತು. ಆದರೆ ಅದೇ ವರ್ಷ ಇಂಡಿಯಾನಾಪೊಲಿಸ್‌ನಲ್ಲಿ ಸಂಘದ ಸದಸ್ಯೆಯರು ವಿಲ್ಲರ್ಡ್‌ರನ್ನು ಅಧ್ಯಕ್ಷೆಯಾಗಿ ಆರಿಸಿದರು. ಸಾಯುವವರೆಗೂ ಆ ಕುರ್ಚಿ ಅವರದೇ ಆಗಿತ್ತು.

ಎಲ್ಲವನ್ನೂ ಮಾಡಿ

ಸಂಘದ ಸದಸ್ಯೆಯರು ಅಂದು ಸುಮಾರು 27 ಸಾವಿರ. 1890ರ ದಶಕದ ಆರಂಭಕ್ಕೆ ಒಂದೂವರೆ ಲಕ್ಷದ ಹತ್ತಿರ. ಅದೇ ಹೊತ್ತಿಗೆ ಮತದ ಹಕ್ಕಿಗಾಗಿಯೇ ಹುಟ್ಟಿದ ರಾಷ್ಟ್ರೀಯ ಸಂಘಟನೆಯಲ್ಲಿದ್ದವರು 13 ಸಾವಿರ ಮಾತ್ರ. ಅಮೆರಿಕ ಅಲ್ಲಿಯವರೆಗೆ ಇಷ್ಟು ದೊಡ್ಡ ಮಹಿಳಾ ಸಂಘಟನೆಯನ್ನು ಕಂಡಿರಲಿಲ್ಲ.

ಬೆಳೆಸಿದ ಬಗೆ ಸರಳ. ಸಂಸತ್ ಕ್ಷೇತ್ರಗಳ ಗಡಿಗಳನ್ನೇ ಅನುಸರಿಸಿ ಶಾಖೆಗಳು, ಅವುಗಳಿಂದ ಆಯ್ಕೆಯಾದ ಪ್ರತಿನಿಧಿಗಳು, ವರ್ಷಕ್ಕೊಂದು ಮಹಾಸಭೆ. ಎದೆಯ ಮೇಲೆ ಬಿಳಿ ರಿಬ್ಬನ್. ಅಯೋವಾದ ಯಾವುದೋ ಮೂಲೆಯ ಊರಿನ ಗೃಹಿಣಿ ಇಲ್ಲಿ ಸಭೆಯ ನಡಾವಳಿ ಬರೆಯಲು, ಚಂದಾ ಲೆಕ್ಕ ಇಡಲು, ಗೊತ್ತುವಳಿ ಮಂಡಿಸಲು, ಶಾಸಕನ ಕಚೇರಿಗೆ ಹೋಗಿ ಎದುರು ಕೂತು ಮಾತಾಡಲು ಕಲಿತಳು. ಕುಡಿತ ಬಿಡಿಸಲು ಏನೇನು ಬೇಕೋ ಎಲ್ಲವನ್ನೂ ಮಾಡಿ ಎಂಬುದು ವಿಲ್ಲರ್ಡ್ ನೀತಿ. ಅದರಡಿ ವಿಭಾಗಗಳು ಹತ್ತಾರಾದವು: ಜೈಲು ಸುಧಾರಣೆ, ಶಿಶುವಿಹಾರ, ದುಡಿಯುವ ಹೆಣ್ಣುಮಕ್ಕಳು, ಆರೋಗ್ಯ, ಶಾಂತಿ. ಪೊಲೀಸ್ ಠಾಣೆಯಲ್ಲಿ ಹೆಂಗಸರ ಬಂದೀಖಾನೆಗೆ ಹೆಣ್ಣು ಮೇಲ್ವಿಚಾರಕಿ ಇರಬೇಕು ಎಂದು ಹೋರಾಡಿದವರು ಇವರು. ದಾರಿಹೋಕರು ಬಾಯಾರಿದರೆ ಪಡಖಾನೆಗೆ ನುಗ್ಗುವುದು ತಪ್ಪಲಿ ಎಂದು ಊರೂರಿನ ಚೌಕಗಳಲ್ಲಿ ಕುಡಿಯುವ ನೀರಿನ ಕಾರಂಜಿ ನೆಡಿಸಿದವರೂ ಇವರೇ. 1889ರ ಹೊತ್ತಿಗೆ ಶಿಕಾಗೋ ಶಾಖೆಯೊಂದೇ ಎರಡು ಶಿಶುಪಾಲನಾ ಕೇಂದ್ರ, ಕೈಗಾರಿಕಾ ಶಾಲೆ, ನಿರ್ಗತಿಕ ಹೆಂಗಸರ ಆಶ್ರಯಧಾಮ, ಉಚಿತ ಔಷಧಾಲಯ, ಅಗ್ಗದ ಊಟದ ಮನೆ ನಡೆಸುತ್ತಿತ್ತು.

ಇವುಗಳಲ್ಲಿ ಅತ್ಯಂತ ದಿಟ್ಟ ಕೆಲಸ ಸಮ್ಮತಿ ವಯಸ್ಸಿನದು. ಆಗ ಬಹುತೇಕ ರಾಜ್ಯಗಳಲ್ಲಿ ಹೆಣ್ಣುಮಗುವಿನ ಲೈಂಗಿಕ ಸಮ್ಮತಿಗೆ ಕಾನೂನು ಇಟ್ಟಿದ್ದ ವಯಸ್ಸು ಹತ್ತು ಅಥವಾ ಹನ್ನೆರಡು, ಡೆಲವೇರ್‌ನಲ್ಲಿ ಏಳು. ಮರ್ಯಾದಸ್ಥ ಹೆಂಗಸರು ಬಾಯಲ್ಲಿ ಆಡಬಾರದ ಈ ವಿಷಯದ ಮೇಲೆ ವಿಲ್ಲರ್ಡ್ 1886ರಿಂದ ಸಹಿಸಂಗ್ರಹ ಶುರುಮಾಡಿಸಿದರು. ಒಂದಾದ ಮೇಲೊಂದು ರಾಜ್ಯ ಮಿತಿಯನ್ನು ಏರಿಸಬೇಕಾಯಿತು.

ಎಡವಿದ್ದೂ ಇದೆ. ಸಂಘದ ಮೇರಿ ಹಂಟ್ ಎಂಬವರು ಶಾಲೆಗಳಲ್ಲಿ 'ವೈಜ್ಞಾನಿಕ ಪಾನನಿರೋಧ' ಪಾಠ ಕಡ್ಡಾಯವಾಗಬೇಕೆಂದು ಪಟ್ಟು ಹಿಡಿದು, ಇಪ್ಪತ್ತು ವರ್ಷದಲ್ಲಿ ಎಲ್ಲ ರಾಜ್ಯಗಳಲ್ಲೂ ಕಾನೂನು ಮಾಡಿಸಿದರು. ಹನಿ ಮದ್ಯವೂ ವಿಷ ಎಂದು ಮಕ್ಕಳನ್ನು ಹೆದರಿಸುತ್ತಿದ್ದ ಆ ಪುಸ್ತಕಗಳನ್ನು ವಿಜ್ಞಾನಿಗಳೇ ಮುಂದೆ ತರಾಟೆಗೆ ತೆಗೆದುಕೊಂಡರು. ಶಿಕಾಗೋದಲ್ಲಿ ಸಂಘದ ಹೆಸರಲ್ಲಿ ಎದ್ದ ಹನ್ನೆರಡು ಅಂತಸ್ತಿನ 'ವುಮನ್ಸ್ ಟೆಂಪಲ್' 1893ರ ಆರ್ಥಿಕ ಕುಸಿತಕ್ಕೆ ಸಿಕ್ಕಿ ಸಾಲದ ಹೊರೆಯಾಯಿತು. ಮದ್ಯನಿಷೇಧವನ್ನೇ ಗುರಿಯಾಗಿಸಿಕೊಂಡ ಪ್ರೊಹಿಬಿಷನ್ ಪಕ್ಷದ ಬೆನ್ನಿಗೆ ನಿಂತದ್ದಕ್ಕೆ ಸಂಘ ಒಡೆದು, 1889ರಲ್ಲಿ ಒಂದು ಬಣ ಹೊರನಡೆಯಿತು.

ಈ ನಡುವೆ ವಿಲ್ಲರ್ಡ್ ಸುಮ್ಮನೆ ಕೂತದ್ದಿಲ್ಲ. ಒಂದು ದಶಕದ ಕಾಲ ವರ್ಷಕ್ಕೆ ಸರಾಸರಿ 400 ಭಾಷಣ, ರೈಲಿನಲ್ಲಿ 48 ಸಾವಿರ ಕಿಲೋಮೀಟರ್ ಪ್ರಯಾಣ. ಜೊತೆಗೆ ಕಾರ್ಯದರ್ಶಿ ಆನಾ ಗಾರ್ಡನ್. ಓಡುವ ರೈಲೇ ಅವರ ಕಚೇರಿ. ಕಾರ್ಮಿಕ ಸಂಘಟನೆಗಳ ಜೊತೆ ಒಡನಾಡಿದ ಮೇಲೆ ಅವರ ಯೋಚನೆಯೂ ತಿರುವು ಪಡೆಯಿತು. ಕುಡಿತದಿಂದ ಬಡತನ ಬರುತ್ತದೆ ಎಂದು ಇಪ್ಪತ್ತು ವರ್ಷ ಹೇಳಿದವರು, ಬಡತನದಿಂದಲೂ ಕುಡಿತ ಬರುತ್ತದೆ, ದುಡಿಮೆಯ ಗಂಟೆ ಇಳಿಸಿ ಕೂಲಿ ಏರಿಸಿ ಎನ್ನತೊಡಗಿದರು. ತಮ್ಮನ್ನು ಕ್ರೈಸ್ತ ಸಮಾಜವಾದಿ ಎಂದೇ ಕರೆದುಕೊಂಡರು. ಕುಡುಕನ ದುರ್ಗುಣವನ್ನಷ್ಟೇ ಜರಿಯುವುದಕ್ಕೆ ಒಗ್ಗಿಹೋಗಿದ್ದ ಅನೇಕ ಸದಸ್ಯೆಯರಿಗೆ ಈ ಮಾತು ಗಂಟಲಲ್ಲಿ ಇಳಿಯಲಿಲ್ಲ.

ಗಂಗಾಮೂಲದ ಪಂಡಿತೆಯ ನಂಟು

1884ರಲ್ಲಿ ವಿಲ್ಲರ್ಡ್ ಜಗತ್ತಿನ ಎಲ್ಲ ಸರ್ಕಾರಗಳನ್ನು ಉದ್ದೇಶಿಸಿ ಮದ್ಯ ಮತ್ತು ಅಫೀಮಿನ ವಿರುದ್ಧ ಒಂದು ಮನವಿ ಬರೆದರು. ಅದನ್ನು ಕಟ್ಟಿಕೊಂಡು ಮೇರಿ ಲೆವಿಟ್ ಎಂಬ ಶಾಲಾ ಮೇಡಂ ಹಡಗು ಹತ್ತಿದರು. ಹವಾಯಿ, ನ್ಯೂಜಿಲ್ಯಾಂಡ್, ಆಸ್ಟ್ರೇಲಿಯಾ, ಜಪಾನ್, ಚೀನಾ, ಭಾರತ, ಆಫ್ರಿಕಾ ಸುತ್ತಿ ಹೋದಲ್ಲೆಲ್ಲ ಶಾಖೆ ತೆರೆದರು. ನ್ಯೂಜಿಲ್ಯಾಂಡ್ ಶಾಖೆಯ ಕೇಟ್ ಶೆಪರ್ಡ್ ಮುಂದಾಳತ್ವದಲ್ಲಿ 1893ರಲ್ಲಿ ಆ ದೇಶದ ಹೆಂಗಸರು ಮತದ ಹಕ್ಕು ಪಡೆದರು, ಜಗತ್ತಿನಲ್ಲೇ ಮೊದಲಿಗರಾಗಿ. ಸುಮಾರು ಐವತ್ತು ಭಾಷೆಗಳಲ್ಲಿ ಸಹಿ, ಒಪ್ಪಿಗೆಗಳನ್ನು ಹೊತ್ತ ಆ ಮನವಿಯ ಉದ್ದನೆಯ ಬಟ್ಟೆಯ ಸುರುಳಿಗಳು 1895ರಲ್ಲಿ ಅಮೆರಿಕದ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಮುಂದೆ ಬಂದವು.

ಕನ್ನಡ ನೆಲದಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳೂ ಈ ಬಳಗಕ್ಕೆ ಹತ್ತಿರವಾದರು. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಜನಿಸಿ, ಹೆಂಡತಿಗೂ ಮಕ್ಕಳಿಗೂ ಸಂಸ್ಕೃತ ಕಲಿಸಿದ ಅನಂತಶಾಸ್ತ್ರಿ ಡೋಂಗ್ರೆಯವರ ಮಡಿಲಲ್ಲಿ ಬೆಳೆದ ಪಂಡಿತಾ ರಮಾಬಾಯಿ 1886ರಲ್ಲಿ ಅಮೆರಿಕಕ್ಕೆ ಹೋದರು. ಆನಂದಿಬಾಯಿ ಜೋಶಿ ವೈದ್ಯ ಪದವಿ ಪಡೆಯುವುದನ್ನು ನೋಡಲು ಹೋದವರು, ವಿಧವೆಯರ ಶಾಲೆಗಾಗಿ ಹಣ ಕೂಡಿಸುತ್ತ ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಉಳಿದರು. ವಿಲ್ಲರ್ಡ್ ಅವರ ಬೆಂಬಲಕ್ಕೆ ನಿಂತರು. 1888ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಮಹಿಳಾ ಸಮ್ಮೇಳನದಲ್ಲಿ ಇಬ್ಬರೂ ಮಾತಾಡಿದರು. ಮರಳಿ ಬಂದ ರಮಾಬಾಯಿ ಅಮೆರಿಕದ ಬಗ್ಗೆ ಮರಾಠಿಯಲ್ಲಿ ಬರೆದ ಪುಸ್ತಕದಲ್ಲಿ ಪಾನನಿರೋಧ ಸಂಘದ ಕಟ್ಟುವಿಕೆಯನ್ನು ಮೆಚ್ಚಿ ವಿವರಿಸಿದರು. ಹೆಂಗಸರೇ ಸೇರಿ, ಹೆಂಗಸರೇ ನಡೆಸುವ ಇಷ್ಟು ದೊಡ್ಡ ಸಂಸ್ಥೆಯನ್ನು ಅವರು ಮೊದಲು ಕಂಡದ್ದು ಅಲ್ಲಿ.

ಸಂಘದ ಇನ್ನಿಬ್ಬರು, ಡಾ. ಕೇಟ್ ಬುಶ್ನೆಲ್ ಮತ್ತು ಎಲಿಝಬೆತ್ ಆಂಡ್ರ್ಯೂ, 1891-92ರಲ್ಲಿ ಲಖನೌ, ಮೀರತ್, ಪೆಶಾವರ ಮೊದಲಾದ ಹತ್ತು ದಂಡುಪ್ರದೇಶಗಳಲ್ಲಿ ಓಡಾಡಿದರು. ಅದಕ್ಕೆ ಅವಕಾಶ ಕೊಟ್ಟಿದ್ದ ಕಾನೂನು ರದ್ದಾದ ಮೇಲೂ ಬ್ರಿಟಿಷ್ ಸೇನೆ ಸಿಪಾಯಿಗಳಿಗಾಗಿ ವೇಶ್ಯಾಗೃಹಗಳನ್ನು ನಡೆಸುತ್ತಿದೆ ಎಂಬುದನ್ನು ಅಲ್ಲಿನ ಹೆಂಗಸರ ಬಾಯಿಂದಲೇ ಕೇಳಿ ಬರೆದುಕೊಂಡರು. ಲಂಡನ್ನಿನಲ್ಲಿ ವಿಚಾರಣಾ ಸಮಿತಿ ಕೂತಿತು. ಮೊದಲು ಎಲ್ಲವನ್ನೂ ಅಲ್ಲಗಳೆದಿದ್ದ ಸೇನಾಪತಿ ಲಾರ್ಡ್ ರಾಬರ್ಟ್ಸ್ ಕೊನೆಗೆ ಕ್ಷಮೆ ಕೇಳಬೇಕಾಯಿತು.

ಐಡಾ ವೆಲ್ಸ್ ಹಿಡಿದ ಕನ್ನಡಿ

ಇಷ್ಟೆಲ್ಲ ಧೈರ್ಯವಿದ್ದ ವಿಲ್ಲರ್ಡ್ ಒಂದು ಗೆರೆಯ ಬಳಿ ನಿಂತುಬಿಟ್ಟರು. 1881ರಿಂದ ಅವರು ದಕ್ಷಿಣದ ರಾಜ್ಯಗಳಲ್ಲಿ ಮತ್ತೆ ಮತ್ತೆ ಪ್ರವಾಸ ಮಾಡಿ, ಅಂತರ್ಯುದ್ಧದಲ್ಲಿ ಸೋತ ಬಿಳಿಯರ ಮನೆತನಗಳ ಹೆಂಗಸರನ್ನು ಸಂಘಕ್ಕೆ ಸೇರಿಸಿದ್ದರು. ಅಲ್ಲಿ ಬಿಳಿಯರಿಗೊಂದು ಶಾಖೆ, ಕಪ್ಪು ಹೆಂಗಸರಿಗೊಂದು ಶಾಖೆ. ಕವಿ ಫ್ರಾನ್ಸೆಸ್ ಹಾರ್ಪರ್‌ರಂಥ ಕಪ್ಪು ನಾಯಕಿಯರು ಸಂಘದೊಳಗಿದ್ದುಕೊಂಡೇ ಈ ಭೇದವನ್ನು ಪ್ರಶ್ನಿಸುತ್ತಿದ್ದರು.

1890ರಲ್ಲಿ ನ್ಯೂಯಾರ್ಕಿನ ಪಾನನಿರೋಧಿ ಪತ್ರಿಕೆಯೊಂದಕ್ಕೆ ಕೊಟ್ಟ ಸಂದರ್ಶನದಲ್ಲಿ ವಿಲ್ಲರ್ಡ್ ದಕ್ಷಿಣದ ಬಿಳಿಯರ ಪರವಾಗಿ ಮಾತಾಡಿದರು. ಕಪ್ಪು ಜನ ಮಿಡತೆಗಳಂತೆ ಹೆಚ್ಚುತ್ತಿದ್ದಾರೆ, ಪಡಖಾನೆಯೇ ಅವರ ಬಲದ ನೆಲೆ, ಅವರಿಂದ ಹೆಂಗಸರಿಗೂ ಮಕ್ಕಳಿಗೂ ಮನೆಗೂ ಅಪಾಯ ಎಂಬ ಅರ್ಥದ ಮಾತುಗಳವು. ದಕ್ಷಿಣದಲ್ಲಿ ಕಪ್ಪು ಗಂಡಸರನ್ನು ಮರಕ್ಕೆ ನೇತುಹಾಕಿ ಕೊಲ್ಲುತ್ತಿದ್ದ ಗುಂಪುಗಳು ಕೊಡುತ್ತಿದ್ದ ಸಬೂಬೂ ಇದೇ ಆಗಿತ್ತು. ಆ ಕೊಲೆಗಳ ಹಿಂದಿನ ಸುಳ್ಳನ್ನು ಲೆಕ್ಕ ಸಮೇತ ಬಯಲಿಗೆಳೆದ ಪತ್ರಕರ್ತೆ ಐಡಾ ಬಿ. ವೆಲ್ಸ್, 1894ರಲ್ಲಿ ಇಂಗ್ಲೆಂಡಿನಲ್ಲಿ ಭಾಷಣ ಮಾಡುತ್ತಿದ್ದಾಗ ಈ ಸಂದರ್ಶನವನ್ನು ಅಲ್ಲಿನ ಪತ್ರಿಕೆಯಲ್ಲಿ ಮರುಮುದ್ರಿಸಿದರು. ವಿಲ್ಲರ್ಡ್ ಆಗ ಅದೇ ದೇಶದಲ್ಲಿ, ಪಾನನಿರೋಧಿ ನಾಯಕಿ ಲೇಡಿ ಹೆನ್ರಿ ಸಾಮರ್‌ಸೆಟ್ ಅತಿಥಿಯಾಗಿದ್ದರು. ಗೆಳತಿಯರಿಬ್ಬರೂ ಪತ್ರಿಕೆಯಲ್ಲಿ ಸಮಜಾಯಿಷಿ ಕೊಟ್ಟರು. ಆ ವರ್ಷದ ಮಹಾಸಭೆಯಲ್ಲಿ ವಿಲ್ಲರ್ಡ್ ಕೊಲೆಗಳನ್ನು ಖಂಡಿಸಿದರು, ಜೊತೆಗೆ ವೆಲ್ಸ್‌ರನ್ನೂ ಟೀಕಿಸಿದರು. ವೆಲ್ಸ್ ಮರುವರ್ಷ ತಮ್ಮ 'ಎ ರೆಡ್ ರೆಕಾರ್ಡ್' ಪುಸ್ತಕದಲ್ಲಿ ಇದಕ್ಕೆಂದೇ ಒಂದು ಅಧ್ಯಾಯ ತೆಗೆದಿಟ್ಟರು.

ಗುಲಾಮಗಿರಿಯನ್ನು ವಿರೋಧಿಸಿದ ಮನೆಯಲ್ಲಿ, ಒಬರ್ಲಿನ್ನಿನ ಗಾಳಿಯಲ್ಲಿ ಬೆಳೆದ ವಿಲ್ಲರ್ಡ್‌ಗೆ ಸತ್ಯ ತಿಳಿಯದೇನೂ ಇರಲಿಲ್ಲ. ದಕ್ಷಿಣದ ಸದಸ್ಯೆಯರನ್ನು ಕಳೆದುಕೊಳ್ಳುವ ಭಯ ಮೇಲುಗೈ ಪಡೆಯಿತು. ಮನೆ ಎಂಬ ಮಾತಿನಿಂದ ಅವರು ಕಟ್ಟಿದ್ದ ಬಲದ ದೌರ್ಬಲ್ಯವೂ ಇಲ್ಲೇ ಹೊರಬಿತ್ತು. ಯಾರ ಮನೆ, ಯಾರಿಂದ ರಕ್ಷಣೆ ಎಂದು ವೆಲ್ಸ್ ಕೇಳಿದಾಗ ಅವರ ಬಳಿ ನೇರ ಉತ್ತರವಿರಲಿಲ್ಲ.

ಐವತ್ಮೂರರಲ್ಲಿ ಸೈಕಲ್ಲು

1892ರಲ್ಲಿ ತಾಯಿ ತೀರಿಕೊಂಡ ಮೇಲೆ ವಿಲ್ಲರ್ಡ್ ಆರೋಗ್ಯ ಕುಸಿಯಿತು. ರಕ್ತಹೀನತೆ ಕಾಡುತ್ತಿತ್ತು. ಇಂಗ್ಲೆಂಡಿನಲ್ಲಿ ವಿಶ್ರಾಂತಿಗಿದ್ದಾಗ, ಐವತ್ಮೂರನೆಯ ವಯಸ್ಸಿನಲ್ಲಿ, ಅವರು ಸೈಕಲ್ ಕಲಿಯಲು ಹೊರಟರು. ಹೆಂಗಸರು ಸೈಕಲ್ ತುಳಿದರೆ ಗರ್ಭಕೋಶ ಕೆಡುತ್ತದೆ, ನಡತೆಯೂ ಕೆಡುತ್ತದೆ ಎಂದು ಪಂಡಿತರು ಬರೆಯುತ್ತಿದ್ದ ಕಾಲ ಅದು. ಲೇಡಿ ಹೆನ್ರಿ ಕೊಟ್ಟ ಸೈಕಲ್ಲಿಗೆ 'ಗ್ಲಾಡಿಸ್' ಎಂದು ಹೆಸರಿಟ್ಟು, ದಿನಕ್ಕೆ ಸುಮಾರು ಕಾಲು ಗಂಟೆಯಂತೆ ಮೂರು ತಿಂಗಳು ಅಭ್ಯಾಸ ಮಾಡಿ, ಕೊನೆಗೆ ಯಾರ ಆಸರೆಯೂ ಇಲ್ಲದೆ ತುಳಿದರು. ಹದಿನೇಳರಲ್ಲಿ ಉದ್ದ ಲಂಗ ಕಟ್ಟಿಹಾಕಿದ್ದ ಕಾಲುಗಳಿಗೆ ಬಿಡುಗಡೆ ಸಿಕ್ಕಿದ ಸಂತೋಷದಲ್ಲಿ 1895ರಲ್ಲಿ ಅದರ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದರು. ಬಿಗಿ ಕಾರ್ಸೆಟ್ಟು ಬಿಡಿ, ಲಂಗ ಗಿಡ್ಡ ಮಾಡಿ ಎಂದು ಹೇಳಲು ಸೈಕಲ್ಲು ಅವರಿಗೆ ಒಳ್ಳೆಯ ನೆಪವೂ ಆಯಿತು. ಅವರ ಹಳೆಯ ಪುಸ್ತಕಗಳೆಲ್ಲ ಮರೆತುಹೋದ ಮೇಲೂ ಇದೊಂದು ಇಂದಿಗೂ ಮರುಮುದ್ರಣವಾಗುತ್ತಿದೆ.

1896ರಲ್ಲಿ ಟರ್ಕಿಯ ಹತ್ಯಾಕಾಂಡದಿಂದ ತಪ್ಪಿಸಿಕೊಂಡು ಬಂದ ಆರ್ಮೇನಿಯನ್ ನಿರಾಶ್ರಿತರಿಗೆ ಫ್ರಾನ್ಸಿನ ಮಾರ್ಸೇಲ್ಸ್‌ನಲ್ಲಿ ಆಸರೆ ಒದಗಿಸಲು ವಿಲ್ಲರ್ಡ್ ಮತ್ತು ಲೇಡಿ ಹೆನ್ರಿ ಓಡಾಡಿದರು. ಅದೇ ವಿಲ್ಲರ್ಡ್ ಕೈಗೆತ್ತಿಕೊಂಡ ಕೊನೆಯ ದೊಡ್ಡ ಕೆಲಸ. 1898ರ ಫೆಬ್ರವರಿ 17ರ ರಾತ್ರಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಫ್ಲೂ ಜ್ವರಕ್ಕೆ ಬಲಿಯಾದರು. ವಯಸ್ಸು 58. ದೇಹ ಹೊತ್ತ ರೈಲು ಹುಟ್ಟೂರು ಚರ್ಚ್‌ವಿಲ್‌ನಲ್ಲಿ ನಿಂತು ಶಿಕಾಗೋಗೆ ಬಂತು. ಸಾಲದಲ್ಲಿ ಮುಳುಗಿದ್ದ ವುಮನ್ಸ್ ಟೆಂಪಲ್‌ನಲ್ಲಿ ಸಾವಿರಾರು ಜನ ಸಾಲುಗಟ್ಟಿ ಅಂತಿಮ ದರ್ಶನ ಪಡೆದರು.

ಕಾಯ್ದೆ ಬಂತು, ಹೋಯಿತು

ವಿಲ್ಲರ್ಡ್ ನಂತರ ಚಳವಳಿಯ ಹಿಡಿತ ನಿಧಾನವಾಗಿ ಗಂಡಸರ ಕೈಗೆ ಜಾರಿತು. ಕ್ಯಾನ್ಸಸ್‌ನಲ್ಲಿ ಕ್ಯಾರಿ ನೇಷನ್ ಕೈಗೊಡಲಿ ಹಿಡಿದು ಪಡಖಾನೆಗಳ ಗಾಜು ಒಡೆದು ಪತ್ರಿಕೆಗಳ ಮುಖಪುಟ ತುಂಬಿದರು. ತೆರೆಮರೆಯಲ್ಲಿ ರಾಜಕಾರಣ ಮಾಡಿದ್ದು ಪಾದ್ರಿಗಳೂ ವಕೀಲರೂ ನಡೆಸುತ್ತಿದ್ದ ಆಂಟಿ ಸಲೂನ್ ಲೀಗ್. ಎಲ್ಲವನ್ನೂ ಮಾಡುವ ವಿಲ್ಲರ್ಡ್ ನೀತಿ ಅದಕ್ಕೆ ಬೇಕಿರಲಿಲ್ಲ, ಅದಕ್ಕೆ ಬೇಕಿದ್ದದ್ದು ಒಂದೇ, ಮದ್ಯನಿಷೇಧ. 1919ರ ಜನವರಿಯಲ್ಲಿ ಹದಿನೆಂಟನೆಯ ತಿದ್ದುಪಡಿಗೆ ಅನುಮೋದನೆ ಸಿಕ್ಕಿತು. 1920ರ ಜನವರಿ 17ರಿಂದ ದೇಶಾದ್ಯಂತ ಮದ್ಯ ತಯಾರಿಕೆ, ಮಾರಾಟ, ಸಾಗಣೆ ನಿಷಿದ್ಧವಾದವು. ಅದೇ ವರ್ಷದ ಆಗಸ್ಟ್‌ನಲ್ಲಿ ಹತ್ತೊಂಬತ್ತನೆಯ ತಿದ್ದುಪಡಿಯ ಮೂಲಕ ಹೆಂಗಸರಿಗೆ ಮತ ಬಂತು. ವಿಲ್ಲರ್ಡ್ ಎರಡು ದಶಕಕ್ಕೂ ಹೆಚ್ಚು ಕಾಲ ಜೋಡಿಯಾಗಿ ಕೇಳಿದ ಎರಡೂ ಒಂದೇ ವರ್ಷದಲ್ಲಿ ಕೈಗೂಡಿದವು.

ನಿಷೇಧ ಕಳ್ಳಭಟ್ಟಿಗೂ, ಗೂಂಡಾಗಳಿಗೂ, ಲಂಚಕ್ಕೂ ಸುಗ್ಗಿಯಾಯಿತು. ಇದನ್ನು ಕಂಡು ರೋಸಿಹೋದವರಲ್ಲಿ ನ್ಯೂಯಾರ್ಕಿನ ಪಾಲಿನ್ ಸೇಬಿನ್ ಒಬ್ಬರು. ಗಂಡುಮಕ್ಕಳಿಬ್ಬರ ತಾಯಿ, ರಿಪಬ್ಲಿಕನ್ ಪಕ್ಷದ ನಾಯಕಿ. ಮೊದಲು ನಿಷೇಧದ ಪರವಾಗಿಯೇ ಇದ್ದವರು. ಪಾನನಿರೋಧ ಸಂಘದ ಅಂದಿನ ಅಧ್ಯಕ್ಷೆ ಎಲಾ ಬೂಲ್ ಸಂಸತ್ ಸಮಿತಿಯೊಂದರ ಮುಂದೆ ತಾವು ಅಮೆರಿಕದ ಹೆಂಗಸರ ಪ್ರತಿನಿಧಿ ಎಂದು ಹೇಳಿಕೊಂಡರು. ತನ್ನ ಪ್ರತಿನಿಧಿಯಂತೂ ಈಕೆಯಲ್ಲ ಎಂದುಕೊಂಡ ಸೇಬಿನ್ 1929ರ ಮೇ ತಿಂಗಳಲ್ಲಿ ನಿಷೇಧ ರದ್ದತಿಗಾಗಿ ಹೊಸ ಮಹಿಳಾ ಸಂಘಟನೆ ಹುಟ್ಟುಹಾಕಿದರು. ಅದು ಹುಟ್ಟಿದ್ದೂ ವಿಲ್ಲರ್ಡ್‌ರ ಶಿಕಾಗೋದಲ್ಲೇ. ಕಳ್ಳಭಟ್ಟಿ ಅಡ್ಡೆಗಳು ಮಕ್ಕಳನ್ನು ಹಾಳುಮಾಡುತ್ತಿವೆ, ನಮ್ಮ ಮನೆಗಳನ್ನು ಕಾಪಾಡಬೇಕಾದರೆ ಈ ಕಾಯ್ದೆ ಹೋಗಬೇಕು ಎಂಬುದು ಅವರ ವಾದ. ಸಹಿಸಂಗ್ರಹ, ರಾಜ್ಯವಾರು ಶಾಖೆ, ಶಾಸಕರ ಭೇಟಿ ಎಲ್ಲವೂ ಐವತ್ತು ವರ್ಷದ ಹಿಂದೆ ಬಿಳಿ ರಿಬ್ಬನ್ನಿನ ಹೆಂಗಸರು ರೂಢಿಸಿದ ದಾರಿಯಲ್ಲೇ ನಡೆದವು. ಈ ಸಲ ಅವರ ಕೈಯಲ್ಲಿ ಮತವೂ ಇತ್ತು. ನಾಲ್ಕೇ ವರ್ಷದಲ್ಲಿ ತಮ್ಮ ಸದಸ್ಯೆಯರ ಸಂಖ್ಯೆ ಹತ್ತು ಲಕ್ಷ ದಾಟಿತೆಂದು ಅವರು ಸಾರಿದರು. 1933ರ ಡಿಸೆಂಬರ್ 5ರಂದು ಇಪ್ಪತ್ತೊಂದನೆಯ ತಿದ್ದುಪಡಿ ಅಂಗೀಕಾರವಾಗಿ ನಿಷೇಧ ರದ್ದಾಯಿತು. ಸೇಬಿನ್ ಸಂಘಟನೆ ಕೆಲಸ ಮುಗಿಯಿತೆಂದು ಬಾಗಿಲು ಮುಚ್ಚಿತು. ವಿಲ್ಲರ್ಡ್ ಕಟ್ಟಿದ ಸಂಘ ಆ ಸೋಲಿನ ನಂತರವೂ, ಬಹಳ ಸಣ್ಣದಾಗಿ, ಕೆಲಸ ಮುಂದುವರಿಸಿತು. ಇವಾನ್‌ಸ್ಟನ್ನಿನ ಅವರ ಮನೆಯನ್ನು ವಸ್ತುಸಂಗ್ರಹಾಲಯವಾಗಿ ಉಳಿಸಿಕೊಂಡು ಬಂದಿತು.